ಹೆಸರಿಲ್ಲದ ಜೀವಿ

ಸೂಜಿಗೆ ದಾರ ಪೋಣಿಸಲಾಗದೆ ಕಣ್ಣಿನ ಆಸ್ಪತ್ರೆಗೆ ಬಂದ ಹೊಲಿಗೆಯ ಅಜ್ಜಿಗೆ, ಔಷಧಿ ಹನಿ ಬಿದ್ದ ಮೇಲೆ ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಮಸುಕಾಗಿತ್ತು. ಹಿಂದಿನ ಬೆಂಚಿನ ಇಬ್ಬರು ಕಾಲೇಜು ಹುಡುಗಿಯರು ಅವಳ ಪಾಲಿಗೆ ಬರೀ ದನಿಗಳು: ಒಂದು ಚುರುಕು, ಒಂದು ಮೆತ್ತಗೆ.

“ಬಿಎಸ್ಸಿ ಕೊನೇ ವರ್ಷಕ್ಕೆ ನಾಳೆಯೊಳಗೆ ವಿಷಯ ಆರಿಸ್ಬೇಕು. ಸುಮ್ನೆ ನನ್ ಜೊತೆ ಸಸ್ಯಶಾಸ್ತ್ರಕ್ಕೆ ಬಾರೇ,” ಎಂದಿತು ಚುರುಕು ದನಿ.

“ಉಹೂಂ. ನಾನು ಸೂಕ್ಷ್ಮಜೀವಿಶಾಸ್ತ್ರಕ್ಕೇ ಹೋಗೋದು.”

“ಮೈಕ್ರೋಸ್ಕೋಪಲ್ಲಿ ನಿನ್ನ ರೆಪ್ಪೆ ಕೂದಲನ್ನೇ ನೋಡ್ಕೊಂಡು, ಹೊಸ ಜೀವಿ ಅಂತ ಚಿತ್ರ ಬರೆದೋಳು ನೀನು! ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅದಕ್ಕೇ ತಾನೇ ನಿನ್ನ ಇಲ್ಲಿಗೆ ಎಳ್ಕೊಂಡ್ ಬಂದಿದ್ದು?”

“ಎಷ್ಟು ಚೆನ್ನಾಗಿ ಬಾಗಿತ್ತು ಗೊತ್ತಾ? ನಾನು ಕಣ್ಣು ಮಿಟುಕಿಸಿದಾಗೆಲ್ಲ ಈಜೋದು.”

“ಮೇಷ್ಟ್ರು ಅದೇನು ಅಂತ ಹೇಳಿದಾಗ ಅಳು ಬರ್ಲಿಲ್ವಾ?”

“ಬಂತು. ಅವ್ರು ನಕ್ಕಿದ್ದಕ್ಕಲ್ಲ. ಅಲ್ಲೀವರೆಗೂ ಇದನ್ನ ಲೋಕದಲ್ಲಿ ನಾನೊಬ್ಳೇ ನೋಡಿರೋದು ಅಂದ್ಕೊಂಡಿದ್ದೆ ಕಣೇ. ಆ ಗಳಿಗೆ ಇನ್ನೊಂದ್ಸಲ ಬೇಕು.”

ಚುರುಕು ದನಿ ತಗ್ಗಿತು. “ಹಾಗಾದ್ರೆ ನಾನು ಯಾರ ಪಕ್ಕ ಕೂರ್ಲಿ?”

“ನಿನ್ನ ಎಲೆಗಳನ್ನ ತಂದ್ಕೊಡು. ಅದ್ರೊಳಗೆ ಯಾರ್ಯಾರು ಇದಾರೆ ಅಂತ ನಾನು ನೋಡಿ ಹೇಳ್ತೀನಿ.”

ಒಳಗಿನಿಂದ ಕರೆ ಬಂತು. ಎರಡು ಜೊತೆ ಚಪ್ಪಲಿಗಳ ಸದ್ದು ಒಟ್ಟಿಗೇ ದೂರವಾಯಿತು.

ಅಜ್ಜಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಕಣ್ಣು ಅರೆಮುಚ್ಚಿದಳು. ಕಣ್ಣಂಚಿನಲ್ಲಿ ಏನೋ ತೆಳ್ಳಗೆ, ಬಾಗಿಕೊಂಡು, ತೇಲುತ್ತಿತ್ತು. ಔಷಧಿಗೆ ಸುರಿಯುತ್ತಿದ್ದ ಕಣ್ಣೀರು ಒರೆಸಲು ನರ್ಸು ಹತ್ತಿ ಹಿಡಿದು ಬಂದಾಗ ಅಜ್ಜಿ ಕೈ ಅಡ್ಡ ಮಾಡಿದಳು.

“ತಡಿ ತಾಯಿ, ಈಗ ತಾನೇ ಕಾಣಿಸ್ತಾ ಇದೆ.”