ಕೆಲಸ ಬಿಟ್ಟವರನ್ನು ಕೇಳಲು ಹೋದವಳು

ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಮೇಲಿನ ಮನೆಯಾಕೆ, ಒದ್ದೆ ಹೊದಿಕೆಯ ಆಚೆ ಪಕ್ಕದ ಮನೆಯ ತಾಯಿ ಮಗಳ ಮಾತು ಕೇಳಿ ಕೈ ನಿಲ್ಲಿಸಿದಳು.

“ಪ್ರಬಂಧಕ್ಕೆ ಮಾಡಿದ ನಿನ್ನೆಯ ಸಂದರ್ಶನಾನೂ ಹಾಳಾಯ್ತಮ್ಮ. ಮಗು ಆದ್ಮೇಲೆ ಯಾಕೆ ಕೆಲಸ ಬಿಟ್ರಿ ಅಂತ ಸೊಸೇನ ಕೇಳಿದ್ರೆ, ಅತ್ತೆ ಉತ್ತರ ಕೊಟ್ರು.”

“ಮೊನ್ನೆಯದು?”

“ಮೊನ್ನೆ ಹೋದ ಮನೆಯಾಕೆ ಮಗೂನ ನನ್ನ ಕೈಗಿಟ್ಟು ಸ್ನಾನಕ್ಕೆ ಹೋಗ್ಬಿಟ್ರು. ಫೋನಲ್ಲಿ ರೆಕಾರ್ಡ್ ಆಗಿರೋದು ಬರೀ ಅಳು!”

ತಾಯಿ ನಕ್ಕರು. “ಪಾಪ, ನೆಮ್ಮದಿಯಾಗಿ ಸ್ನಾನ ಮಾಡಿ ಎಷ್ಟು ದಿನ ಆಗಿತ್ತೋ.”

“ನಗಬೇಡ. ಈ ವಾರ ಕಾಲೇಜಿಗೆ ಪ್ರಬಂಧ ಕೊಡದಿದ್ರೆ ಒಂದು ವರ್ಷ ಹೋಯ್ತು.”

“ನಾನೂ ಕೆಲಸ ಬಿಟ್ಟೋಳೇ ಅಲ್ವೇನೇ? ನನ್ನ ಕೇಳು.”

“ಮನೆಯವರನ್ನ ಕೇಳೋ ಹಾಗಿಲ್ಲ ಅಂದಿದಾರೆ ಮೇಡಂ.”

“ಹಾಗಾದ್ರೆ ಪ್ರಬಂಧಕ್ಕೆ ಬೇಡ. ಸುಮ್ನೆ ಕೇಳು.”

ಖಾಲಿ ಬಕೆಟ್ ಎತ್ತಿಕೊಂಡು ಇಬ್ಬರೂ ಮೆಟ್ಟಿಲಿಳಿದರು. ಕೆಳಗಿನಿಂದ ಮಗಳ ದನಿ ಕೇಳಿಸಿತು.

“ಅಮ್ಮ, ನೀನು ಬಿಟ್ಟಿದ್ದು ನನ್ನಿಂದಾನಾ?”