ಸೀಟಿಗಿಂತ ಮೊದಲು ಹೊಲಿದ ಫ್ರಾಕು

ಶಿಕ್ಷಣ ಕಚೇರಿಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕಾಯಿಸಿದ್ದಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದಲ್ಲಿ ಒಬ್ಬ ದರ್ಜಿ ಮತ್ತು ಅವನ ಹೆಂಡತಿ. ಮಗಳಿಗೆ ಹೆದ್ದಾರಿಯಾಚೆಯ ಶಾಲೆ ಕೊಟ್ಟಿದ್ದರು. ಅಂಗಡಿ ಎದುರಿನ ಶಾಲೆಯೇ ಬೇಕೆಂದು ಮೇಲ್ಮನವಿ ಹಾಕಿ ಕೂತಿದ್ದರು.

“ಒಳಗೆ ಹೋಗಿ ಏನಂತೀರಿ?” ಹೆಂಡತಿ ಗಂಡನನ್ನು ಕೇಳಿದಳು.

“ನೀನು ಬೆಳಗಾಗೋ ಮುಂಚೆ ಆಸ್ಪತ್ರೆ ಕೆಲಸಕ್ಕೆ ಹೋಗ್ತೀಯ, ಮಗೂನ ಹೆದ್ದಾರಿ ದಾಟಿಸೋಕೆ ಹೋದ್ರೆ ನಾನು ಅಂಗಡಿ ಮುಚ್ಚಬೇಕು ಅಂತೀನಿ.”

“ಅಷ್ಟೇ ಹೇಳಿ. ಸೀಟು ಸಿಗೋ ಮುಂಚೆನೇ ಎದುರಿನ ಶಾಲೆ ಯೂನಿಫಾರ್ಮ್ ಹೊಲಿದಿಟ್ಟಿದ್ದನ್ನ ಬಾಯಿ ಬಿಡಬೇಡಿ.”

“ಬಟ್ಟೆ ಮಿಕ್ಕಿತ್ತು, ಹೊಲಿದೆ.”

“ನಾನು ಕೊಟ್ಟ ಬಟ್ಟೆಗೆ ವರ್ಷದಿಂದ ಸೂಜಿ ಮುಟ್ಟಿಸಿಲ್ಲ.”

“ಮಗು ದಿನಾ ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಾಳೆ ಕಣೇ.”

“ಗೊತ್ತು. ಅವಳು ಬೆಳೆದ ಹಾಗೆ ಬಿಚ್ಚಿ ಬಿಚ್ಚಿ ಇಳಿಸೋಕೆ ಒಳಗೆ ಎಷ್ಟು ಮಡಿಕೆ ಬಿಟ್ಟಿದ್ದೀರಿ ಅಂತಾನೂ ನೋಡಿದೆ. ಐದನೇ ಕ್ಲಾಸಿನವರೆಗೂ ನೀವೇ ಸೀಟು ಕೊಟ್ಟಾಗಿದೆ, ಅಧಿಕಾರಿಗಳಿಗೆ ಏನು ಕೆಲಸ ಉಳೀತು?”

ಅಷ್ಟರಲ್ಲಿ ಜವಾನ ಕರೆದ. ದರ್ಜಿ ಹೆಂಡತಿಯತ್ತ ತಿರುಗಿದ.

“ಅವರು ಒಪ್ಪದಿದ್ರೆ?”

“ಮೊದಲು ಹೆದ್ದಾರಿ ಮಾತು ಹೇಳಿ. ಕೇಳದಿದ್ರೆ ಇದನ್ನ ಮೇಜಿನ ಮೇಲೆ ಇಡ್ತೀನಿ.”

ಚೀಲದ ಬಾಯಿ ಸರಿಸಿ ಒಳಗೆ ಮಡಿಸಿಟ್ಟಿದ್ದ ಪುಟ್ಟ ನೀಲಿ ಫ್ರಾಕು ತೋರಿಸಿದವಳು, ಗಂಡನಿಗಿಂತ ಮುಂದಾಗಿ ಒಳಗೆ ನಡೆದಳು.