ಒಂಟಿಗಾಲ ಮೇಲೆ ನಿಂತವ

...ಅಲ್ಲ ಇಂದೂ, ನಗ್ತಿ ಯಾಕ? ಚೀಟಿ ನೀನ ತಂದೀದಿ. "ಅಣ್ಣಾ, ಇಂಗ್ಲಿಷ್ ಪುಸ್ತಕ ಅಷ್ಟು ಓದ್ತಿ, ಇದರ ಅರ್ಥ ಹೇಳು" ಅಂತ ನನ್ನ ತಾಟಿನ ಬಾಜೂಕ ನೀನ ಇಟ್ಟಿ. ಹೇಳಲಿಕ್ಕೆ ಸುರು ಮಾಡಿದ್ರ ನಗ್ತಿ. ಸಾವಕಾಶ ನಗು. ನಿಮ್ಮ ವೈನಿ ಒಳಗ ಈಗ ಅಡ್ಡಾಗ್ಯಾಳ.

ಇರಲಿ, ಮೊದಲಿಂದ ಬರ್ತೀನಿ. ನಿಮ್ಮ ದವಾಖಾನಿ ಮೇಟ್ರನ್ ಬಾಯಿ ವಿಲಾಯತಿಗೆ ಹೋಗೋ ಮುಂದ ನಿನಗ ಭವಿಷ್ಯ ನೋಡಿದ್ಲು. ಭವಿಷ್ಯ ಹೇಳೋ ಚಿತ್ರದ ಚೀಟಿಗಳನ್ನ ಇಸ್ಪೀಟ ಎಲಿ ಕಲಸಿದಂಗ ಕಲಸಿ ಒಂದು ತಗಿ ಅಂದ್ಲು. ನೀ ಮನಸ್ಸಿನ್ಯಾಗ ಖಡಕಿ ಕಾರಖಾನಿಯ ಆ ಮಾರ್ತಾಂಡನ್ನ ನೆನೆಸಿ ತಗದಿ. ಬಂದದ್ದು ಇದು. ಹೌದಲ್ಲೋ? "ಕೆಟ್ಟದ್ದಲ್ಲ" ಅಂತ ಇಷ್ಟ ಹೇಳಿ, ಚೀಟಿ ನಿನ್ನ ಕೈಯಾಗ ಇಟ್ಟು ಅಕಿ ಮುಂಬಯಿಗೆ ಹಡಗ ಹತ್ತಲಿಕ್ಕೆ ಹೋದ್ಲು. ಅರ್ಧಾ ಹೇಳಿ ಹೋಗೋದು, ಉಳಿದರ್ಧಕ್ಕ ನೀ ನನ್ನ ತಲಿ ತಿನ್ನೋದು. ಛಂದ ಆತು.

ನೋಡು. ಇದು ಗಿಡದ ತೊಲಿ. ಇನ್ನೂ ಎಲಿ ಚಿಗತಾವ. ಅದಕ್ಕ ಒಬ್ಬ ಮನಿಷಾನ ಒಂದ ಕಾಲಿಗೆ ಹಗ್ಗಾ ಕಟ್ಟಿ ತಲಿಕೆಳಗ ಇಳಿಬಿಟ್ಟಾರ. ಕೈ ಬೆನ್ನಹಿಂದ. ಯಾಕ ಹಿಂದ? ಕಟ್ಟ್ಯಾರ. ಯಾರನ್ನ ಹಿಂಗ ಕಟ್ಟತಾರ? ಕಳ್ಳನ್ನ. ಮಾತಿಗೆ ತಪ್ಪಿದಾವನ್ನ. ಐತವಾರ ಬರ್ತೀನಿ, ನಿಮ್ಮಣ್ಣನ ಮುಂದ ಕೂತು ಲಗ್ನದ ಮಾತು ಕೇಳ್ತೀನಿ ಅಂತ ಹೇಳಿ ಬರಲಾರದಾವನ್ನ. ಅಷ್ಟ. ಅರ್ಥ ಮುಗೀತು.

ಏನು? ಅಲ್ಲೇನು ಬೆರಳ ಆಡಸ್ತಿ... ಹಾಂ. ಪ್ರಭೆ. ತಲಿ ಸುತ್ತ ಪ್ರಭೆ ಅದ, ನಾನೂ ನೋಡೇನಿ. ದೇವರ ಪಟದಾಗ ಇರ್ತದಲ್ಲ, ಹಂಗ. ಕಳ್ಳಗ ಯಾಕ ಪ್ರಭೆ ಅಂತೀಯೇನು? ಮುಖದಾಗ ನೋವೂ ಇಲ್ಲ, ಅದೂ ಖರೆ. ಮಲಗಿ ಎದ್ದಂಗ ಇದ್ದಾನ... ಚಿತ್ರಾ ತಗದಾವಗ ಬುದ್ಧಿ ಇಲ್ಲ. ಅದಕ್ಕ ನಾ ಏನು ಮಾಡ್ಲಿ?

ತಾ ಇಲ್ಲಿ. ಹಿಂಗ ತಿರಿಗಿಸು. ಈಗ ನೋಡು. ಈಗ ಪ್ರಭೆಗೂ ಅರ್ಥ ಬಂತು, ಮುಖಕ್ಕೂ ಬಂತು. ತಪಸ್ವಿ ಅಂವಾ. ಒಂಟಿಗಾಲ ಮ್ಯಾಲೆ ನಿಂತಾನ, ಇನ್ನೊಂದ ಕಾಲು ಮಡಚ್ಯಾನ. ಅಜ್ಜಿ ಹೇಳೋ ಕಥಿಯೊಳಗ ಋಷಿಗಳು ಹಿಂಗ ನಿಲ್ತಿದ್ದಿಲ್ಲ? ಚೀಟಿ ಮಾಡಿದ ಆ ವಿಲಾಯತಿ ಮಂದೀಗೆ ತಪಸ್ಸು ಗೊತ್ತಿಲ್ಲ, ತಲಿಕೆಳಗ ಛಾಪಿಸಿ ಫಾಶಿ ಅಂದಾರ. ಅಂದ್ರ ಚೀಟಿ ನಿನಗ ಏನು ಹೇಳ್ತದ? ಇಷ್ಟು ವರ್ಷ ಹೆಂಗ ನಿಂತಿ, ಹಂಗ ನಿಲ್ಲು ಅಂತದ. ನಿನ್ನ ಕೆಲಸಾನೂ ಒಂದು ತಪಸ್ಸ. ನಾ ಎಂದಾದ್ರೂ ಬ್ಯಾಡ ಅಂದೇನೇನು? ಗಂಡ ಹೋದ ಮ್ಯಾಲೆ ನಿನ್ನ ತಲಿ ಬೋಳಿಸಗೊಡಲಿಲ್ಲ. ಅಪ್ಪನ ಕೂಡ ಜಗಳಾ ಆಡಿ ಧಾರವಾಡದಿಂದ ಪುಣೇಕ ಕರಕೊಂಡು ಬಂದೆ. ಸಾಲಿಗೆ ಹಾಕಿದೆ, ನರ್ಸ್ ಮಾಡಿದೆ. ಮಾಡೇನಿಲ್ಲೋ?

ಮತ್ಯಾಕ ತಿರಿಗಿಸಿದಿ?

ಅಕ್ಷರ ಹಿಂಗ ಸರಳ ಬರ್ತಾವಂತ ತೋರಸಬ್ಯಾಡ ನನಗ. ಕೆಳಗ 'ನೇತಾಡೋ ಮನಿಷಾ' ಅಂತ ಅದ, ಓದೇನಿ. ಇರಲಿ, ಹಿಂಗ ಇಡು... ನೋಡು, ಮತ್ತ ತಿರಿಗಿಸಿದಿ. ನಾ ಇಟ್ಟದ್ದು ನೀ ತಿರಿಗಿಸೋದು, ನೀ ಇಟ್ಟದ್ದು ನಾ ತಿರಿಗಿಸೋದು, ಸಣ್ಣ ಹುಡುಗರೇನು ನಾವು? ಅಂವ ಬರಲಿಲ್ಲ ಇಂದೂ. ಬರಲಿಲ್ಲ ಅಂದ್ರ ಬರಲಿಲ್ಲ. ಖಡಕಿ ಕಾರಖಾನ್ಯಾಗ ಸುಟ್ಟ ಕೈ ಇನ್ನೂ ಮಾಯ್ದಿಲ್ಲ, ಆದ್ರೂ ನಿನ್ನ ಕಡೆ ಪಟ್ಟಿ ಕಟ್ಟಿಸಲಿಕ್ಕೆ ಬರೋದು ಬಿಟ್ಟಾನಂತ ನೀನ ಹೇಳಿದಿ. ಮನಸ್ಸಿಲ್ಲದಾವನ ಲಕ್ಷಣ ಅದು. ಆ ಐತವಾರ ಗಾಯಾದ ಸಿಪಾಯಿಗಳ ರೈಲು ಬಂತು, ನಿನಗ ಡ್ಯೂಟಿ ಬಿತ್ತು. ಸಂಜೀಕ ಬಂದು ಯಾರರೆ ಬಂದಿದ್ರೇನು ಅಂದಿ. ಇಲ್ಲ ಅಂದೆ. ಇನ್ನೆಷ್ಟು ಸಲ ಕೇಳ್ತಿ?

...ಹೌದು, ಈಗ ಕೇಳಲಿಲ್ಲ. ಆದ್ರ ಕೇಳಿದಂಗ ನೋಡ್ತಿ.

ನನಗೂ ಸಂಸಾರ ಅದ. ನನ್ನ ಮಗಳು ರಂಗೂಗ ಈ ವರ್ಷ ವರ ನೋಡಬೇಕು. ಸೋದರತ್ತಿ ಎರಡನೇ ಲಗ್ನ ಆಗ್ಯಾಳಂತ ಯಾರರೆ ಒಬ್ಬರು ಅಂದ್ರ ಸಾಕು, ಧಾರವಾಡದಿಂದ ಬೆಳಗಾವಿತನಕಾ ಒಬ್ಬರೂ ಆ ಹುಡುಗೀನ ನೋಡಲಿಕ್ಕೆ ಬರೂದಿಲ್ಲ. ನಾ ಇದನ್ನ ಬಾಯಿಬಿಟ್ಟು ಹೇಳಬೇಕೇನು?

ಚೀಟಿ ಹೇಳೋದೂ ಅದನ್ನ. ಒಂಟಿಗಾಲ ಮ್ಯಾಲೆ ನಿಲ್ಲೋದು ಸರಳಲ್ಲ, ಅದಕ್ಕ ಪ್ರಭೆ ಕೊಟ್ಟಾರ. ಬೇಕಾದ್ರ ನಿಂತು ನೋಡು. ನಮ್ಮ ಬಾಗಲದಾಗ, ಆ ಇಕ್ಕಟ್ಟಿನ ಪಾವಟಿಗಿ ಮ್ಯಾಲೆ, ಒಂದ ಕೈ ಚೌಕಟ್ಟಿಗೆ ಆನಿಸಿ, ಇನ್ನೊಂದು ಪಟ್ಟಿ ಕಟ್ಟಿದ ಕೈಲೆ ಬೂಟಿನ ಲೇಸು ಬಿಚ್ಚಬೇಕಂದ್ರ ಎಂಥಾ ಮನಿಷಾನೂ ಹೊಯ್ದಾಡ್ತಾನ. ಥೇಟ್ ಹಿಂಗ. ಒಂದ ಕಾಲು ಮಡಚಿ...

ಏನು?

ಯಾರರೆ. ಮಾತಿಗೆ ಅಂದೆ. ಮಂದಿ ಬೂಟು ಹಾಕ್ಕೋತಾರ, ಬಾಗಲದಾಗ ಬಿಚ್ಚತಾರ. ಕೈಗೆ ಪಟ್ಟಿ...

ಕೈಗೆ ಪಟ್ಟಿ ಕಟ್ಟಿರ್ತಾರ ಒಬ್ಬೊಬ್ಬರು.

ಹಂಗ ನೋಡಬ್ಯಾಡ. ಬೈದರ ಬೈ. ಚೀಟಿ ತಿರಿಗಿಸು, ಹರಿ, ಏನರೆ ಮಾಡು.

...ಒಂದ ಬೂಟು ಬಿಚ್ಚಿದ್ದ. ಎರಡನೇದು ಬಿಚ್ಚಗೊಡಲಿಲ್ಲ ನಾ. ಅಕಿಗೆ ಮನಸ್ಸಿಲ್ಲ, ಎದುರಿಗೆ ಹೇಳಲಿಕ್ಕೆ ಸಂಕೋಚ, ಅದಕ್ಕ ಡ್ಯೂಟಿ ಹಾಕಿಸಿಕೊಂಡು ಹೋಗ್ಯಾಳ ಅಂದೆ. ಒಳಗ ಬರ್ರಿ ಅನ್ನಲಿಲ್ಲ. ಬೆಲ್ಲಾ ನೀರು ಕೊಡಲಿಲ್ಲ. ಅಂವ ಒಂದು ಮಾತು ವಾದಾ ಹಾಕಲಿಲ್ಲ. "ಹೌದೇನ್ರಿ" ಅಂದ. ಅಲ್ಲೇ ನಿಂತು ಆ ಬೂಟು ಮತ್ತ ಏರಿಸಿದ. ಬೆರಳು ಮಡಚವಲ್ವು, ಲೇಸಿಗೆ ಗಂಟು ಬೀಳವಲ್ದು. ನಾ ನೋಡಕೋತ ನಿಂತಿದ್ದೆ. ಕಡೀಕ ಹಂಗ ಬಿಟ್ಟು, ಲೇಸು ಎಳಕೋತ ಪಾವಟಿಗಿ ಇಳದ.

ಯಾಕ ಎದ್ದಿ? ಖಡಕೀಗೆ? ಈಗ, ಈ ಬಿಸಲಾಗ? ವಾಡೇದ ಮಂದಿ ಎಲ್ಲಾ ಅಂಗಳದ ನೆಳ್ಳಾಗ ಕೂತಾರ... ಇಂದೂ, ನಾ ಹೇಳೋದು ಕೇಳು. ರಂಗೂನ್ನ ನೆನೆಸು. ಇಂದೂ.

ಇಂದೂ, ಬರಿಗಾಲಿಲೆ ಹೊಂಟಿ. ಚಪ್ಪಲಿ ಹಾಕ್ಕೋ.